ಕುಡಿಯಲು ನಿಂತವರು

ಔರಾದದಿಂದ ಬೆಳಗ್ಗೆ ಎಂಟೂಕಾಲಿಗೆ ಬಿಟ್ಟ ಬಸ್ಸು ಸಂತಪೂರ ದಾಟುವಷ್ಟರಲ್ಲಿ ಸಪನಾ ಆ ವಾಕ್ಯವನ್ನು ಹದಿನಾಲ್ಕು ಸಲ ಓದಿದ್ದಳು. ಬೇಕೆಂದು ಎಣಿಸಿದ್ದಲ್ಲ. ಬಿ.ಎಸ್ಸಿ.ಯ ಮೂರು ವರ್ಷ ಬ್ಯೂರೆಟ್ಟಿನಿಂದ ಬೀಳುವ ಹನಿಗಳನ್ನು ಎಣಿಸಿದ ಮೇಲೆ ಎಣಿಸುವುದು ಅವಳ ಬೆರಳುಗಳಿಗೇ ರೂಢಿಯಾಗಿಬಿಟ್ಟಿತ್ತು. ತೊಡೆಯ ಮೇಲಿನ ಪ್ಲಾಸ್ಟಿಕ್ ಫೈಲಿನಲ್ಲಿ ಇದ್ದದ್ದು ಮೂರು ವಾರದ ಹಿಂದೆ ತಾನೇ ಬರೆದ ಪತ್ರದ ಜೆರಾಕ್ಸು. ಮೇಲೆ ಶಾಲೆ ನಡೆಸುವ ಸಂಸ್ಥೆಯ ಕಾರ್ಯದರ್ಶಿಗಳಿಗೆ ಎಂದಿತ್ತು. ಕೆಳಗೆ ಅವಳ ಸಹಿ, ಸಹಿಯ ಕೆಳಗೆ ಸಹಾಯಕ ಶಿಕ್ಷಕಿ, ರಸಾಯನಶಾಸ್ತ್ರ ಎಂದಿತ್ತು. ನಡುವೆ ಮೂರನೆಯ ಸಾಲು: ‘ಸಿಕ್ಸ್ ಗರ್ಲ್ಸ್ ಆಫ್ ನೈನ್ತ್ ಸ್ಟ್ಯಾಂಡರ್ಡ್ ಹ್ಯಾವ್ ಸ್ಟಾಪ್ಡ್ ಟು ಡ್ರಿಂಕ್ ವಾಟರ್ ಇನ್ ದಿ ಸ್ಕೂಲ್.’ ಆ ಸಾಲಿನ ಎದುರಿಗೆ ಅಂಚಿನಲ್ಲಿ ಕಾರ್ಯದರ್ಶಿಯ ಅಕ್ಷರದ ಷರಾ, ಜೆರಾಕ್ಸಿನಲ್ಲಿ ಕಪ್ಪಾಗಿದ್ದರೂ ಮೂಲದಲ್ಲಿ ಹಸಿರು ಶಾಯಿಯದು. ಒಂಬತ್ತನೆಯ ತರಗತಿಯ ಆರು ಹುಡುಗಿಯರು ಶಾಲೆಯಲ್ಲಿ ನೀರು ಕುಡಿಯಲು ನಿಂತರೆಂದು ತಿಳಿದು ಸಂತೋಷವಾಯಿತು, ಕ್ರಮದ ಅಗತ್ಯವಿಲ್ಲ, ಕಡತ ಮುಗಿಸಿ. ‘ಸಂತೋಷ’ದ ಕೆಳಗೆ ಒಂದು ಗೆರೆಯನ್ನೂ ಎಳೆದಿದ್ದ. ಆ ಗೆರೆ ನೇರವಾಗಿತ್ತು, ಪಟ್ಟಿ ಇಟ್ಟು ಎಳೆದದ್ದು. ಪಟ್ಟಿ ಹುಡುಕಿ ತೆಗೆದು, ಅದನ್ನು ಸಾಲಿಗೆ ಹೊಂದಿಸಿ, ನಗುತ್ತ ಎಳೆಯುವಷ್ಟು ಪುರುಸೊತ್ತು ಅವನಿಗಿತ್ತು ಎಂಬುದೇ ಅವಳನ್ನು ಹದಿನಾಲ್ಕೂ ಸಲ ಚುಚ್ಚಿದ್ದು.

ಕನ್ನಡದಲ್ಲಿ ಈ ತಪ್ಪು ಯಾರಿಗೂ ಆಗುವುದಿಲ್ಲ. ನಿಂತರು ಬೇರೆ, ನಿಲ್ಲಿಸಿದರು ಬೇರೆ. ಅವಳ ಊರು ಖಟಕ ಚಿಂಚೋಳಿಯಲ್ಲಿ ಇನ್ನೂ ಶಾಲೆಗೆ ಹಚ್ಚದ ಕೂಸಿಗೂ ಅದು ಗೊತ್ತು. ಇಂಗ್ಲಿಷು ಎರಡಕ್ಕೂ ಸ್ಟಾಪ್ ಎಂಬ ಒಂದೇ ಶಬ್ದ ಇಟ್ಟುಕೊಂಡು ಭಾರವನ್ನೆಲ್ಲ ಅದರ ಹಿಂದೆ ಬರುವ ಸಣ್ಣ ಬಾಲದ ಮೇಲೆ ಹೊರಿಸುತ್ತದೆ. ‘ಡ್ರಿಂಕಿಂಗ್’ ಬಂದರೆ ಕುಡಿಯುವುದನ್ನೇ ಬಿಟ್ಟರು. ‘ಟು ಡ್ರಿಂಕ್’ ಬಂದರೆ ಹೋಗುತ್ತಿದ್ದವರು ಕುಡಿಯಲೆಂದು ನಿಂತರು. ಫಿನಾಫ್ತಲೀನ್ ಹಾಕಿದ ದ್ರಾವಣ ಒಂದೇ ಹನಿಯಲ್ಲಿ ಗುಲಾಬಿಗೆ ತಿರುಗುವ ಹಾಗೆ, ಒಂದು ‘ಟು’ ಬಿದ್ದದ್ದೇ ಅವಳ ದೂರು ಸಂತೋಷದ ಸುದ್ದಿಯಾಗಿ ತಿರುಗಿತ್ತು. ತಮಾಷೆಯೆಂದರೆ ಆ ವಾರ ಅವಳು ಒಂಬತ್ತನೆಯ ತರಗತಿಗೆ ಕಲಿಸುತ್ತಿದ್ದದ್ದೇ ಆ ಪಾಠ, ಜೆರಂಡ್ ಮತ್ತು ಇನ್‌ಫಿನಿಟಿವ್. ಇಂಗ್ಲಿಷಿನ ಮಾಸ್ತರರು ದಸರೆಯ ರಜೆಗೆ ಹೋದವರು ತಿರುಗಿ ಬಂದಿರಲಿಲ್ಲ. ನಿಮ್ಮ ಇಂಗ್ಲಿಷು ಛಲೋ ಅದ, ತೂಗಿಸಿಕೊಂಡು ಹೋಗ್ರಿ ಎಂದು ಮುಖ್ಯೋಪಾಧ್ಯಾಯಿನಿ ಶೈಲಶ್ರೀ ಮೇಡಂ ಆ ತಾಸುಗಳನ್ನು ಅವಳ ತಲೆಗೆ ಕಟ್ಟಿದ್ದರು. ಸಂಸ್ಥೆಯ ಪತ್ರವ್ಯವಹಾರವೆಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂಬ ನಿಯಮವೂ ಹೋದ ವರ್ಷವೇ ಬಂದಿತ್ತು. ಅವಳಿಗೆ ಆ ನಿಯಮ ಗೊತ್ತಿತ್ತು, ಪಾಠವೂ ಗೊತ್ತಿತ್ತು. ಬರೆಯುವಾಗ ಕೈ ಬೇರೆಲ್ಲೋ ಇತ್ತು. ಷರಾದ ಫೋಟೋ ಮರುದಿನ ಶಿಕ್ಷಕರ ವಾಟ್ಸಪ್ ಗುಂಪಿಗೆ ಬಂತು. ಯಾರು ಹಾಕಿದರೆಂದು ನೋಡಿದರೆ ಸಂಸ್ಥೆಯ ಕಚೇರಿಯ ನಂಬರು. ಗಣಿತದವರು ನಗುವ ಮುಖ ಹಾಕಿದರು, ದೈಹಿಕ ಶಿಕ್ಷಣದವರು ಮೂರು ಹಾಕಿದರು, ಬರೇ ಆರು ಮಂದಿ ಯಾಕ್ರಿ, ಎಲ್ಲಾರೂ ಸ್ಟಾಪ್ ಆಗಿ ಕುಡೀರಿ ಎಂದು ಒಬ್ಬರು ಬರೆದರು. ಸಪನಾ ತುಸು ಹೊತ್ತು ಆ ಮುಖಗಳನ್ನು ನೋಡಿ ತಾನೂ ಒಂದು ನಗುವ ಮುಖ ಹಾಕಿದಳು. ಷರಾವನ್ನು ಅವಳು ಹೇಗೋ ತಡೆದುಕೊಂಡಿದ್ದಳು. ತಡೆದುಕೊಳ್ಳಲಾಗದೆ ಉಳಿದದ್ದು ತಾನು ಹಾಕಿದ ಆ ಹಳದಿ ಮುಖ. ಅಳಿಸಲು ಹೋದಾಗ ಹೊತ್ತು ಮೀರಿತ್ತು.

ಬಸ್ಸು ಕೌಠಾದ ಸೇತುವೆ ಏರಿತು. ಮಾರ್ಚಿನ ಮಾಂಜ್ರಾ ಮರಳಿನ ನಡುವೆ ಅಲ್ಲಲ್ಲಿ ತುಂಡು ತುಂಡಾಗಿ ನಿಂತಿತ್ತು. ನಿಂತಿತ್ತು, ಯಾರೂ ನಿಲ್ಲಿಸಿದ್ದಲ್ಲ, ಎಂದು ಮನಸ್ಸು ತಾನಾಗಿಯೇ ತಿದ್ದಿತು. ಮೂರು ವಾರದಿಂದ ಹೀಗೇ. ಯಾವ ಕ್ರಿಯಾಪದ ಕಂಡರೂ ಅದು ಮಾಡಿದ್ದೋ ಆದದ್ದೋ, ಯಾರು ಮಾಡಿದ್ದು ಎಂದು ಒಳಗೆ ಯಾರೋ ಕೇಳುತ್ತಾರೆ. ಅಪ್ಪ ವೈಜಿನಾಥ ನಿಲ್ಲುತ್ತಿದ್ದ. ಅದೊಂದನ್ನು ಮಾತ್ರ ಹೇಗೆ ತಿದ್ದಬೇಕೆಂದು ತಿಳಿಯುವುದಿಲ್ಲ. ಭಾಲ್ಕಿಯ ಪೇಟೆಯಲ್ಲಿ ತೊಗರಿ ಮಾರಿ ಬರುವಾಗ ಅಪ್ಪ ಅವಳ ಕೈ ಹಿಡಿದು ಅಡತಿ ಅಂಗಡಿಗಳ ಸಾಲನ್ನು ದಾಟಿಸುತ್ತಿದ್ದ. ಅಂಗಡಿಗೊಂದರಂತೆ ಬಾಗಿಲ ಪಕ್ಕ ನೀರಿನ ಗಡಿಗೆ ಇರುತ್ತಿತ್ತು, ಕೆಲವಕ್ಕೆ ಒದ್ದೆ ಗೋಣಿ ಸುತ್ತಿರುತ್ತಿದ್ದರು. ನೀರಡಿಕೆ ಆಗ್ಯದ ಎಂದರೆ ತಡಿ ಅನ್ನುತ್ತಿದ್ದ. ಬಸ್ ನಿಲ್ದಾಣದ ಕಡೆ ಹೋಗುವುದನ್ನು ಬಿಟ್ಟು ರೈಲ್ವೆ ಸ್ಟೇಶನ್ನಿನ ಕಡೆ ತಿರುಗುತ್ತಿದ್ದ. ನಾವು ರೈಲಿಗೆ ಹೋಗ್ತೇವೇನು ಎಂದು ಅವಳು ಹಿಗ್ಗಿ ಕೇಳಿದ ಆ ಮೊದಲನೆಯ ಸಲ ಅಪ್ಪ ಪ್ಲಾಟ್‌ಫಾರ್ಮಿನ ನಲ್ಲಿಯ ಮುಂದೆ ನಿಂತು ಕತ್ತು ಓರೆ ಮಾಡಿ ನಲ್ಲಿಗೇ ಬಾಯಿ ಹಚ್ಚಿದ. ಎಷ್ಟೋ ಹೊತ್ತು ಕುಡಿದ. ಅವನ ಗಂಟಲಿನ ಗಂಟು ಏರಿಳಿಯುವುದನ್ನು ಅವಳು ಎಣಿಸಿದ್ದಳು. ಅವಳ ಮೊದಲ ಎಣಿಕೆ ಅದೇ ಇರಬೇಕು. ಬಾಯಿ ಒರೆಸಿಕೊಂಡು, “ಇಲ್ಲಿ ನೀರು ಸರ್ಕಾರದ್ದು, ಯಾರಿಗೂ ಕೇಳೂದು ಬ್ಯಾಡ,” ಎಂದು ಅವಳನ್ನು ಎತ್ತಿ ಹಿಡಿದ. ಆಮೇಲೆ ಟಿಕೀಟು ಇಲ್ಲದೆ, ಯಾವ ರೈಲಿಗೂ ಕಾಯದೆ, ಬಂದ ದಾರಿಯಲ್ಲೇ ತಿರುಗಿ ಬಸ್ಸಿಗೆ ಬಂದರು. ವೈಜಿನಾಥ ಸ್ಟಾಪ್ಡ್ ಟು ಡ್ರಿಂಕ್. ಕುಡಿಯಲು ನಿಂತ. ವ್ಯಾಕರಣ ಸರಿಯಾಗಿಯೇ ಇತ್ತು. ಆದರೆ ನೀರಿಗಾಗಿ ಅರ್ಧ ಊರು ಸುತ್ತಿ ನಿಲ್ಲುವವನು ಇನ್ನೆಲ್ಲೆಲ್ಲಿ ಕುಡಿಯುವುದನ್ನು ನಿಲ್ಲಿಸಿದ್ದ ಎಂಬುದನ್ನು ಆ ವಾಕ್ಯ ಹೇಳುತ್ತಿರಲಿಲ್ಲ. ಪತ್ರ ಬರೆದ ದಿನ ಕೈ ಎಲ್ಲಿತ್ತೆಂದು ಅವಳಿಗೆ ಈಗ ಹೊಳೆಯಿತು, ಅಪ್ಪನ ಕೈಯಲ್ಲಿ, ಆ ನಲ್ಲಿಯ ಮುಂದೆ.

ಮೂರು ಗ್ಲಾಸು ನೀರು ಕುಡಿದು ಹೋಗು ಎಂದು ಬೆಳಗ್ಗೆ ಭಾಲ್ಕಿಯಿಂದ ಫೋನು ಮಾಡಿದ ಅವ್ವ ಶೇವಂತಾಬಾಯಿ ಹೇಳಿದ್ದಳು. ಅಪ್ಪ ಹೋದ ಮೇಲೆ ಅವಳು ಚಿಂಚೋಳಿ ಬಿಟ್ಟು ಭಾಲ್ಕಿಯಲ್ಲಿ ತಂಗಿಯ ಮಗ್ಗುಲಿಗೆ ಮನೆ ಮಾಡಿದ್ದಾಳೆ. ಇಂದು ಬೀದರಿನ ಕಚೇರಿಯಲ್ಲಿ ಅವರು ಕೊಡುವ ಕಾಗದಕ್ಕೆ ಸಹಿ ಮಾಡಿದರೆ ನೌಕರಿ ಕಾಯಂ ಆಗುತ್ತದೆ, ಮಾಡದಿದ್ದರೆ ತಿಂಗಳ ಕೊನೆಗೆ ಎರಡು ವರ್ಷದ ಪ್ರೊಬೇಶನ್ನು ಮುಗಿದು ಮನೆಗೆ ಬರುವುದೇ ಎಂದು ಸಪನಾ ಬಿಡಿಸಿ ಹೇಳಿದ್ದಳು. ಅವ್ವ ಸಹಿ ಮಾಡು ಎನ್ನುತ್ತಾಳೆಂದು ಕಾದಳು. ಅವಳು ಎಂದಿದ್ದರೆ ಸುಲಭವಿತ್ತು, ಅವ್ವನ ಮಾತು ಮೀರಿದೆ ಎಂದೋ ಪಾಲಿಸಿದೆ ಎಂದೋ ಹೇಳಿಕೊಳ್ಳಬಹುದಿತ್ತು. ಅವ್ವ ಹೇಳಿದ್ದು ಇಷ್ಟೇ: “ನಿಮ್ಮಪ್ಪ ಯಾರ ಕೂಡಾನೂ ಜಗಳ ಆಡಲಿಲ್ಲ, ಸ್ಟೇಶನ್‌ಕ್ಕ ಹೋದ. ನೀ ಎಲ್ಲಿಗಿ ಹೋಗ್ತಿ ನೋಡವಾ.”

ಜನವರಿಯಲ್ಲಿ ಸಂಸ್ಥೆಯವರು ಔರಾದದ ಶಾಲೆಯ ವರಾಂಡದಲ್ಲಿ ದೊಡ್ಡ ಫಿಲ್ಟರು ಕೂಡ್ರಿಸಿದರು. ನಲ್ಲಿಯ ಪಕ್ಕಕ್ಕೆ ಎರಡು ಸ್ಟೀಲ್ ಗ್ಲಾಸು, ಕಳುವಾಗದಂತೆ ಸರಪಳಿ ಕಟ್ಟಿದ್ದವು. ಆಯಾ ವಿಮಲಾಬಾಯಿಗೆ ಅದನ್ನು ನೋಡಿಕೊಳ್ಳುವ ಕೆಲಸ. ಎರಡನೆಯ ವಾರಕ್ಕೆ, ಯಾರೋ ಪಾಲಕರು ಕಚೇರಿಗೆ ಬಂದು ಮಾತಾಡಿ ಹೋದ ಮೇಲೆ, ಬುದ್ಧವಿಹಾರದ ಓಣಿಯಿಂದ ಬರುವ ಆರು ಹುಡುಗಿಯರಿಗೆ ಅವಳು ಗ್ಲಾಸು ಮುಟ್ಟಬ್ಯಾಡ್ರಿ, ಬೊಗಸಿ ಹಿಡೀರಿ ಎನ್ನತೊಡಗಿದಳು. ತಂಬಿಗೆಯಿಂದ ಮೇಲಿನಿಂದ ಸುರಿಯುತ್ತಿದ್ದಳು. ಸಿಟ್ಟಿನಿಂದೇನಲ್ಲ, ಗಿಡಕ್ಕೆ ಹಾಕುವ ಹಾಗೆ. ಸಪನಾ ಇದನ್ನು ಮೊದಲು ನೋಡಲಿಲ್ಲ. ಅವಳು ನೋಡಿದ್ದು ತುಟಿಗಳನ್ನು. ಆರನೆಯ ತಾಸಿನಲ್ಲಿ, ಕಿಟಕಿಯ ಬಿಸಿಲು ಡೆಸ್ಕಿನ ಮೇಲೆ ಬಂದಾಗ, ಆ ಆರು ಜನ ನಾಲಿಗೆಯಿಂದ ತುಟಿ ಒದ್ದೆ ಮಾಡಿಕೊಳ್ಳುತ್ತಿದ್ದರು. ಅನುಮಾನ ಬಂದದ್ದನ್ನು ಅಳೆಯದೆ ಹೇಳಬಾರದೆಂದು ಕಲಿತವಳು ಅವಳು. ಪ್ರ್ಯಾಕ್ಟಿಕಲ್ ಪುಸ್ತಕದ ಹಿಂದಿನ ಪುಟದಲ್ಲಿ ಕೋಷ್ಟಕ ಹಾಕಿ, ಆರು ಹೆಸರು ಅಡ್ಡಕ್ಕೆ, ಹನ್ನೊಂದು ದಿನ ಉದ್ದಕ್ಕೆ, ಬಿಡುವಿನಲ್ಲಿ ಯಾರು ನಲ್ಲಿಯ ಹತ್ತಿರ ಹೋದರೆಂದು ಗುರುತು ಹಾಕಿದಳು. ಮೊದಲ ಎರಡು ದಿನ ಕೆಲವು ಗುರುತು ಬಿದ್ದವು. ಮೂರನೆಯ ದಿನದಿಂದ ಕೋಷ್ಟಕ ಖಾಲಿ. ಒಂದೂ ಇಲ್ಲ. ಅಷ್ಟು ಶುದ್ಧವಾದ ಫಲಿತಾಂಶ ಕಾಲೇಜಿನ ಪ್ರಯೋಗಶಾಲೆಯಲ್ಲೂ ಅವಳಿಗೆ ಬಂದಿರಲಿಲ್ಲ. ಒಂದು ಕ್ಷಣ ಮೆಚ್ಚುಗೆಯಾಯಿತು. ಆ ಮೆಚ್ಚುಗೆಯ ಬೆನ್ನಿಗೇ ನಾಚಿಕೆಯೂ ಬಂತು.

ಬಾಟ್ಲಿ ತರ್ರಿ ಎಂದು ಅವರಿಗೆ ಹೇಳಿದ್ದು ಅವಳೇ. ಶೈಲಶ್ರೀ ಮೇಡಂ, ಅದು ಹೈಜೀನ್ ಸಲುವಾಗಿ, ಅದಕ್ಕ ನೀವು ಬ್ಯಾರೆ ಅರ್ಥ ಹಚ್ಚಬ್ಯಾಡ್ರಿ, ಮನಿಯಿಂದ ಬಾಟ್ಲಿ ತಂದ್ರ ಯಾರಿಗೂ ತ್ರಾಸಿಲ್ಲ ಎಂದಾಗ ಅದು ಅವಳಿಗೆ ಜಾಣತನವೆನಿಸಿತ್ತು. ಆರು ಜನರನ್ನು ಪ್ರಯೋಗಶಾಲೆಗೆ ಕರೆದು, ಮೂತ್ರಪಿಂಡ ಏನು ಮಾಡುತ್ತದೆ, ನೀರು ಕುಡಿಯದಿದ್ದರೆ ಏನಾಗುತ್ತದೆ ಎಂದು ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದಳು. ಆ ಹೊತ್ತಿಗಾಗಲೇ ಪ್ರಣಿತಾ ನಾಲ್ಕು ದಿನ ಜ್ವರ ಬಂದು ಮಲಗಿ ಎದ್ದಿದ್ದಳು, ಸೋಂಕು, ನೀರು ಸಾಲದು ಎಂದು ಔರಾದದ ಡಾಕ್ಟರು ಬರೆದುಕೊಟ್ಟಿದ್ದರು. ಚಿತ್ರ ಮುಗಿಯುವ ತನಕ ಕೇಳಿಸಿಕೊಂಡು ಪ್ರಣಿತಾ ಎದ್ದು ನಿಂತಳು. ಸಣ್ಣ ಮುಖದ, ಪ್ರಶ್ನೆ ಕೇಳುವಾಗ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುವ ಹುಡುಗಿ.

“ಬಾಟ್ಲಿ ತಂದ್ರ ನಾವು ಒಪ್ಪಿಕೊಂಡಂಗ ಆಗ್ತದ್ರಿ ಟೀಚರ್.”

“ಏನು ಒಪ್ಪಿಕೊಂಡಂಗ?”

“ಅದೇರಿ. ನಿಮಗ ಗೊತ್ತದ.”

ನಿಮಗ ಗೊತ್ತದ. ಹುಡುಗಿ ಅದನ್ನು ಯಾವ ಅರ್ಥದಲ್ಲಿ ಹೇಳಿದಳೋ. ಖಟಕ ಚಿಂಚೋಳಿಯಲ್ಲಿ ಸಪನಾಳ ಮನೆ ಇದ್ದದ್ದೂ ಅಂಥದೇ ಓಣಿಯಲ್ಲಿ. ಈ ಶಾಲೆಯಲ್ಲಿ ಅವಳು ಅದನ್ನು ಮುಚ್ಚಿಟ್ಟಿರಲಿಲ್ಲ, ಹೇಳಿಯೂ ಇರಲಿಲ್ಲ. ಯಾರೂ ಕೇಳಲಿಲ್ಲ ಎಂಬುದು ಅವಳು ತನಗೆ ಹೇಳಿಕೊಳ್ಳುವ ಸಮಾಧಾನ. ಹೋದ ವರ್ಷ ಶೈಲಶ್ರೀ ಮೇಡಂ ಬೀದರಿನಲ್ಲಿ ಹೊಸ ಮನೆ ಕಟ್ಟಿಸಿ ಎಲ್ಲರನ್ನೂ ಊಟಕ್ಕೆ ಕರೆದಿದ್ದರು. ಸಪನಾಳ ಕೈಗೆ ಚಹಾ ಬಂದದ್ದು ಕಾಗದದ ಕಪ್ಪಿನಲ್ಲಿ. ಎಲ್ಲರಿಗೂ ಕಾಗದದ ಕಪ್ಪೇ ಇತ್ತೋ, ತನಗಷ್ಟೇ ಇತ್ತೋ? ತಲೆ ಎತ್ತಿ ಸುತ್ತ ಒಂದು ಸಲ ನೋಡಿದ್ದರೆ ತಿಳಿಯುತ್ತಿತ್ತು. ಅವಳು ನೋಡಲಿಲ್ಲ. ಕಪ್ಪಿನ ಮೇಲೆ ಅಚ್ಚಾಗಿದ್ದ ಗುಲಾಬಿ ಹೂವನ್ನೇ ನೋಡುತ್ತ ಚಹಾ ಮುಗಿಸಿದಳು. ಹನ್ನೊಂದು ದಿನ ಹುಡುಗಿಯರನ್ನು ಎಣಿಸಿದವಳಿಗೆ ಆವತ್ತು ಎಂಟು ಕಪ್ಪು ಎಣಿಸುವುದು ಆಗಿರಲಿಲ್ಲ. ಮೇಡಂ ತಪ್ಪು ಮಾಡಿದ್ದರೆಂದು ಅವಳು ಇವತ್ತಿಗೂ ಹೇಳಲಾರಳು. ಹೇಳಲಾರದಂತೆ ನೋಡಿಕೊಂಡದ್ದು ತಾನೇ. ಹುಡುಗಿಯರು ಹಾಗಲ್ಲ. ಅವರು ನೋಡಿದರು, ತಿಳಿದುಕೊಂಡರು, ಕುಡಿಯುವುದನ್ನು ನಿಲ್ಲಿಸಿದರು. ಅವರನ್ನು ಯಾರೂ ನಿಲ್ಲಿಸಿರಲಿಲ್ಲ, ಬೊಗಸೆ ಹಿಡಿದಿದ್ದರೆ ವಿಮಲಾಬಾಯಿ ಸಂಜೆಯ ತನಕ ಸುರಿಯುತ್ತಿದ್ದಳು. ನಿಲ್ಲಿಸಿದ್ದು ಅವರು, ಅದು ಅವರದೇ ಕ್ರಿಯೆ, ಆ ವಾಕ್ಯದ ಕರ್ತೃಪದ ಆರು ಹುಡುಗಿಯರು. ತನ್ನ ಒಂದು ‘ಟು’ ಅವರಿಂದ ಕಸಿದುಕೊಂಡದ್ದು ಅದನ್ನೇ. ಷರಾ ಬಂದ ಮರುದಿನ ಅವಳು ಬೋರ್ಡಿನ ಮೇಲೆ ‘ಡ್ರಿಂಕಿಂಗ್’, ಅದರ ಕೆಳಗೆ ‘ಟು ಡ್ರಿಂಕ್’ ಎಂದು ಎರಡೂ ರೂಪ ಬರೆದು ವ್ಯತ್ಯಾಸ ಹೇಳುವಾಗ ಪ್ರಣಿತಾ ಕೈ ಎತ್ತಿ, “ನಾವು ಸ್ಟಾಪ್ ಮಾಡಿದ್ದು ಯಾವುದ್ರಿ ಟೀಚರ್, ಮ್ಯಾಲಿಂದೋ ಕೆಳಗಿಂದೋ?” ಎಂದು ಕೇಳಿದಳು. ತರಗತಿ ನಗಲಿಲ್ಲ. ಎಲ್ಲರಿಗೂ ಪತ್ರದ ವಿಷಯ ಗೊತ್ತಿತ್ತು. ಸಪನಾ ಮೇಲಿನ ವಾಕ್ಯದ ಕೆಳಗೆ ಗೆರೆ ಎಳೆದಳು. ಸುಣ್ಣದ ಕಡ್ಡಿ ಮುರಿಯಿತು.

ಬೀದರಿನಲ್ಲಿ ಇಳಿದಾಗ ಹತ್ತೂಕಾಲು. ಚೌಬಾರಾದ ಹತ್ತಿರ ಹಳೆಯ ಕಟ್ಟಡವೊಂದರ ಮೊದಲ ಮಹಡಿಯಲ್ಲಿ ಸಂಸ್ಥೆಯ ಕಚೇರಿ. ಹೊರಗಿನ ಕೋಣೆಯಲ್ಲಿ ಹೆಡ್ ಕ್ಲರ್ಕ್ ರಶೀದ ಅಹ್ಮದರ ಟೇಬಲ್ಲು, ಒಳಗೆ ಕಾರ್ಯದರ್ಶಿಯ ಕೋಣೆ. ರಶೀದ ಅಹ್ಮದರು ಅರವತ್ತರ ಹತ್ತಿರದವರು, ಸಂಸ್ಥೆಯ ಇಂಗ್ಲಿಷೆಲ್ಲ ಅವರ ಬೆರಳಿನಿಂದ ಬರುತ್ತದೆಂದು ಎಲ್ಲರೂ ಹೇಳುತ್ತಿದ್ದರು. ಮೂಲೆಯಲ್ಲಿ ಮರದ ಕಾಲುಮಣೆಯ ಮೇಲೆ ಮಣ್ಣಿನ ಗಡಿಗೆ, ಮುಚ್ಚಳದ ಮೇಲೆ ಬೋರಲು ಹಾಕಿದ ಒಂದು ಸ್ಟೀಲ್ ಗ್ಲಾಸು. ಬಿಸಲಾಗ ಬಂದೀರಿ, ನೀರು ಕುಡೀರಿ ಬಾಯಿ, ಎಂದು ಹೆಂಗಸರನ್ನೆಲ್ಲ ಬಾಯಿ ಎಂದೇ ಕರೆಯುವ ಅವರು ಗಡಿಗೆಯ ಕಡೆ ಕೈ ತೋರಿಸಿದರು. ಬ್ಯಾಡ್ರಿ, ಕುಡದ ಬಂದೇನಿ ಎಂದಳು. ಹೇಳಿದ ಮೇಲೆ ಅದು ಅವಳಿಗೇ ಕೇಳಿಸಿತು. ಬೆಳಗ್ಗೆ ಅವ್ವ ಹೇಳಿದ ಮೂರು ಗ್ಲಾಸಿನಲ್ಲಿ ಒಂದನ್ನೂ ಅವಳು ಕುಡಿದಿರಲಿಲ್ಲ, ಬಸ್ಸಿನಲ್ಲಿ ಮೂತ್ರಕ್ಕೆ ಅವಸರವಾದೀತೆಂಬ ಭಯ. ನಾಲಿಗೆ ಅಂಗುಳಿಗೆ ಅಂಟುತ್ತಿತ್ತು. ಆದರೂ ಬಾಯಿಗೆ ಬಂದದ್ದು ಅದೇ ಉತ್ತರ. ಎಷ್ಟು ಕಚೇರಿಗಳಲ್ಲಿ, ಎಷ್ಟು ಗೆಳತಿಯರ ಮನೆಗಳಲ್ಲಿ, ಎಷ್ಟು ವರ್ಷ ಈ ವಾಕ್ಯವನ್ನು ಹೇಳಿದ್ದಾಳೆ! ಕುಡಿದು ಬಂದಿದ್ದೇನೆ. ಎಲ್ಲಿಂದ? ಯಾವ ಸ್ಟೇಶನ್ನಿನಿಂದ?

ಸಾಹೇಬರು ಫೋನಿನಲ್ಲಿದ್ದರು. ಕಾಯುವ ಹೊತ್ತಿಗೆ ರಶೀದ ಅಹ್ಮದರು ಕಡತ ಕಟ್ಟುತ್ತ, ಅವಳ ಫೈಲಿನ ಕಡೆ ಕಣ್ಣು ಹಾಯಿಸಿ, ಮೆಲ್ಲಗೆ ಮಾತು ತೆಗೆದರು. ನಲವತ್ತು ವರ್ಷದ ನೌಕರಿಯಲ್ಲಿ ಇಂಗ್ಲಿಷು ಅಂದರೆ ಏನು ಎಂದು ಅವರು ಒಂದೇ ಮಾತಿನಲ್ಲಿ ತಿಳಿದುಕೊಂಡಿದ್ದರಂತೆ. “ನೋಡ್ರಿ ಬಾಯಿ, ‘ಪುಟ್’ ಒಂದ ಅದ. ನಾ ಫೈಲು ಪುಟ್ ಅಪ್ ಮಾಡ್ತೇನಿ. ಸಾಹೇಬರು ಪುಟ್ ಆಫ್ ಮಾಡ್ತಾರ. ಮಂದಿ ಪುಟ್ ಅಪ್ ವಿಥ್ ಮಾಡ್ತಾರ.” ಮೇಜಿನ ಮೇಲೆ ಇಡುವುದು, ಮುಂದಕ್ಕೆ ಹಾಕುವುದು, ಸಹಿಸಿಕೊಳ್ಳುವುದು ಎಂದು ಬೆರಳು ಮಡಚಿ ಎಣಿಸಿ, ತಮ್ಮ ಮಾತಿಗೆ ತಾವೇ ನಕ್ಕು, “ಬಾಲ ಸಣ್ಣದರಿ, ಹೊಡತ ದೊಡ್ಡದು,” ಎಂದರು. ಅವಳಿಗೂ ನಗು ಬಂತು. ಮೂರು ವಾರದಲ್ಲಿ ಮೊದಲ ಸಲ, ಹಳದಿ ಮುಖದ್ದಲ್ಲದ ನಗು.

ಕಾರ್ಯದರ್ಶಿ ಅಮಿತಕುಮಾರ ಅವಳಿಗಿಂತ ಐದಾರು ವರ್ಷಕ್ಕೆ ದೊಡ್ಡವನಿರಬೇಕು. ಎದ್ದು ನಿಂತು ಬರ್ರಿ ಮೇಡಂ, ಕೂಡ್ರಿ ಎಂದ. ಒರಟು ಮಾತಿಗೆ ಸಿದ್ಧಳಾಗಿ ಬಂದಿದ್ದ ಅವಳಿಗೆ ಆ ಮರ್ಯಾದೆಯಿಂದ ತೊಡಕಾಯಿತು. ಇಂಗ್ಲಿಷಿನಾಗ ಸಣ್ಣ ತಪ್ಪು ಎಲ್ಲಾರಿಗೂ ಆಗ್ತದ, ನೀವು ಕೆಮಿಸ್ಟ್ರಿಯವರು, ನಮಗ ನಿಮ್ಮ ರಿಸಲ್ಟು ಮುಖ್ಯ ಎಂದ. ಗುಂಪಿನಲ್ಲಿ ಫೋಟೋ ಬಂದದ್ದು ತಪ್ಪು, ಯಾರೋ ಹುಡುಗಾಟಿಕೆ ಮಾಡ್ಯಾರ ಎಂದ. ಷರಾ ಬರೆದವನು ತಾನೇ ಎಂಬುದನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ನೀರಿನ ವಿಷಯವನ್ನು ಲುಕ್ ಇನ್‌ಟು ಮಾಡ್ತೇವಿ, ಆದರೆ ಅದಕ್ಕೂ ಮೊದಲು ಕಾಗದದ ಮೇಲೆ ಇರುವುದನ್ನು ಸ್ವಚ್ಛ ಮಾಡಬೇಕು, ಹೊರಗಿನವರ ಕೈಗೆ ಸಿಕ್ಕರೆ ಸಂಸ್ಥೆಯ ಹೆಸರು ಕೆಡುತ್ತದೆ. ಹೀಗೆ ಹೇಳುತ್ತ ಎರಡು ಕಾಗದ ಅವಳ ಮುಂದೆ ಸರಿಸಿದ. ಒಂದು ಅವಳ ಕಾಯಂ ಆದೇಶ, ಸಹಿಯಾಗಿತ್ತು, ಹಸಿರು ಶಾಯಿ. ಇನ್ನೊಂದು ಅವಳ ಹೆಸರಿನಲ್ಲಿ ಟೈಪಾದ ಪತ್ರ, ಎರಡೇ ವಾಕ್ಯ. ಕೆಳಗೆ ಸಹಿಗೆ ಜಾಗ ಬಿಟ್ಟಿತ್ತು.

‘ಐ ರಿಗ್ರೆಟ್ ಇನ್ಫಾರ್ಮಿಂಗ್ ಯು ದ್ಯಾಟ್ ಸಿಕ್ಸ್ ಗರ್ಲ್ಸ್ ಹ್ಯಾವ್ ಸ್ಟಾಪ್ಡ್ ಡ್ರಿಂಕಿಂಗ್ ವಾಟರ್ ಇನ್ ದಿ ಸ್ಕೂಲ್. ದಿ ಮ್ಯಾಟರ್ ಮೇ ಬಿ ಟ್ರೀಟೆಡ್ ಆ್ಯಸ್ ಕ್ಲೋಸ್ಡ್.’

ಮೊದಲ ಓದಿಗೆ ಅವಳಿಗೆ ‘ಡ್ರಿಂಕಿಂಗ್’ ಮಾತ್ರ ಕಂಡಿತು. ತನ್ನ ತಪ್ಪನ್ನು ಯಾರೋ ತಿದ್ದಿದ್ದಾರೆ, ಹುಡುಗಿಯರಿಗೆ ಅವರ ಕ್ರಿಯೆ ತಿರುಗಿ ಬಂದಿದೆ ಎಂದು ಎದೆ ಹಗುರಾಯಿತು, ಪೆನ್ನಿನ ಮುಚ್ಚಳವನ್ನೂ ತೆಗೆದಳು. ಎರಡನೆಯ ಓದಿಗೆ ವಾಕ್ಯದ ತಲೆ ಕಂಡಿತು. ಬೋರ್ಡಿನ ಮೇಲೆ ಸ್ಟಾಪ್ ಆದ ಮೇಲೆ ಅವಳು ಬರೆದಿದ್ದ ಕ್ರಿಯಾಪದ ಅದೇ, ರಿಗ್ರೆಟ್. ರಿಗ್ರೆಟ್ ಟು ಇನ್ಫಾರ್ಮ್ ಎಂದರೆ ತಿಳಿಸಲು ವಿಷಾದಿಸುತ್ತೇನೆ, ಕೆಟ್ಟ ಸುದ್ದಿ ಇದೆ, ಕೇಳಿ. ರಿಗ್ರೆಟ್ ಇನ್ಫಾರ್ಮಿಂಗ್ ಎಂದರೆ ತಿಳಿಸಿದ್ದಕ್ಕೆ ಪಶ್ಚಾತ್ತಾಪ ಪಡುತ್ತೇನೆ, ಯಾಕಾದರೂ ಹೇಳಿದೆನೋ. ಕನ್ನಡದಲ್ಲಾಗಿದ್ದರೆ ಈ ಎರಡನೆಯದಕ್ಕೆ ಸಹಿ ಕೇಳಲು ಯಾರಿಗೂ ನಾಲಿಗೆ ಬರುತ್ತಿರಲಿಲ್ಲ, ತಪ್ಪಾಯಿತು ಎಂದು ಬರೆದುಕೊಡು ಎಂದು ನೇರವಾಗಿ ಹೇಳಬೇಕಾಗುತ್ತಿತ್ತು. ಇಲ್ಲಿ ಒಂದು ‘ಇಂಗ್’ ಅದನ್ನು ಸದ್ದಿಲ್ಲದೆ ಮುಗಿಸಿತ್ತು. ಅವಳ ತಪ್ಪು ಒಂದು ಬಾಲದ್ದು, ಇವರದೂ ಒಂದು ಬಾಲದ್ದೇ. ಆದರೆ ಇದು ಕೈ ಬೇರೆಲ್ಲೋ ಇದ್ದಾಗ ಬರೆದದ್ದಲ್ಲ. ಟೇಬಲ್ಲಿನ ಅಂಚನ್ನು ಹಿಡಿದ ತನ್ನ ಬೆರಳುಗಳು ಬಿಳಿಚಿಕೊಂಡಿದ್ದನ್ನು ಅವಳು ನೋಡಿದಳು. ಹೆದರಿಕೆಯೆಂದು ಮೊದಲು ಅನಿಸಿತು. ನಾಡಿ ಎಣಿಸಿದಂತೆ ತನ್ನನ್ನೇ ಗಮನಿಸಿದಳು. ಹೆದರಿಕೆಯಲ್ಲ. ಇದು ಸಿಟ್ಟು, ಸ್ಪಷ್ಟವಾದ, ತಳ ಕಾಣುವ ಸಿಟ್ಟು. ತನಗೆ ಇಷ್ಟು ಸಿಟ್ಟು ಬರುತ್ತದೆಂದು ಗೊತ್ತಿರಲಿಲ್ಲ ಎಂಬ ಸಣ್ಣ ಆಶ್ಚರ್ಯವೂ ಅದರಲ್ಲಿತ್ತು. ಪ್ರಣಿತಾ ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡುವುದು ನೆನಪಾಯಿತು. ಆ ಹುಡುಗಿ ಈಗ ಮೂರನೆಯ ತಾಸಿನಲ್ಲಿ ಒಣ ಬಾಯಿಯಲ್ಲಿ ಕೂತಿರುತ್ತಾಳೆ.

ಅವಳು ‘ಇನ್ಫಾರ್ಮಿಂಗ್’ ಮೇಲೆ ಒಂದು ಗೆರೆ ಎಳೆದಳು. ಪಟ್ಟಿ ಇರಲಿಲ್ಲ, ಗೆರೆ ತುಸು ಡೊಂಕಾಯಿತು. ಅದರ ಮೇಲೆ ‘ಟು ಇನ್ಫಾರ್ಮ್’ ಎಂದು ಬರೆದಳು. ಎರಡನೆಯ ವಾಕ್ಯವನ್ನು ಪೂರ್ತಿ ಹೊಡೆದು ಹಾಕಿ ಅದರ ಕೆಳಗೆ ಅವಸರವಿಲ್ಲದೆ, ಹುಡುಗಿಯರ ವಹಿ ತಿದ್ದುವ ದುಂಡು ಅಕ್ಷರದಲ್ಲಿ ಬರೆದಳು: ‘ದೆ ವಿಲ್ ನಾಟ್ ಪುಟ್ ಅಪ್ ವಿಥ್ ಇಟ್. ನಾರ್ ವಿಲ್ ಐ.’ ಅವರು ಇದನ್ನು ಸಹಿಸುವುದಿಲ್ಲ, ನಾನೂ ಸಹಿಸುವುದಿಲ್ಲ. ಸಹಿ ಮಾಡಿ, ತಿದ್ದಿದ ಎರಡೂ ಕಡೆ ಚಿಕ್ಕ ಸಹಿ ಹಾಕಿ, ತಾರೀಖು ಬರೆದು ಕಾಗದ ತಿರುಗಿಸಿ ಸರಿಸಿದಳು.

“ಏನು ಬದ್ಲಿ ಮಾಡೀರಿ ಮೇಡಂ?”

“ಗ್ರಾಮರ್ ರೀ ಸರ್.”

ಅವನು ಓದಿದ. ಮುಖದ ಮರ್ಯಾದೆ ಹಾಗೇ ಇತ್ತು, ಅದರ ಒಳಗಿನದು ಹೊರಟುಹೋಯಿತು. ಕಾಯಂ ಆದೇಶವನ್ನು ಎತ್ತಿ, ಎರಡಾಗಿ ಮಡಚಿ, ಡ್ರಾಯರಿನೊಳಗೆ ಹಾಕಿದ. ಪತ್ರವನ್ನು ಬೆರಳ ತುದಿಯಿಂದ ಅವಳ ಕಡೆಗೇ ತಳ್ಳಿದ.

“ಇದನ್ನ ನಾ ತಗೊಂಡಿಲ್ಲ. ಮೂವತ್ತೊಂದಕ್ಕ ನಿಮ್ಮ ಪ್ರೊಬೇಶನ್ ಮುಗಿತದ, ಗೊತ್ತದಲ್ಲ?”

“ಗೊತ್ತದರಿ.”

“ಆಮ್ಯಾಲ ಆ ಹುಡುಗ್ಯಾರ ಸಲುವಾಗಿ ಯಾರು ಬರೀತಾರ?”

ಅದೇ ಅವನ ಸರಿಯಾದ ಪ್ರಶ್ನೆ. ಬೆಳಗಿನಿಂದ ಅವಳು ತನ್ನನ್ನು ಕೇಳಿಕೊಳ್ಳುತ್ತ ಬಂದದ್ದೂ ಅದೇ, ನೌಕರಿ ಉಳಿಸಿಕೊಂಡರೆ ಒಳಗಿದ್ದು ಏನಾದರೂ ಮಾಡಬಹುದಲ್ಲ ಎಂದು. ಆದರೆ ಎರಡು ವರ್ಷ ಒಳಗಿದ್ದು ಅವಳು ಮಾಡಿದ್ದೇನು? ಮೂತ್ರಪಿಂಡದ ಚಿತ್ರ ಬರೆದಿದ್ದಳು. “ಅವರೇ ಬರೀತಾರ್ರಿ,” ಎಂದಳು. “ಪಾಠ ಮುಗಿಸೇನಿ. ನನಗಿಂತ ಛಲೋ ಬರೀತಾರ.” ಪತ್ರ ಎತ್ತಿಕೊಂಡು ಹೊರಗೆ ಬಂದಳು.

ರಶೀದ ಅಹ್ಮದರ ಟೇಬಲ್ಲಿನ ಮೇಲೆ ಆವಕ ರಜಿಸ್ಟರು ತೆರೆದೇ ಇತ್ತು. ಹೊರಗಿನಿಂದ ಬಂದ ಕಾಗದ ಅದರಲ್ಲಿ ನಂಬರು ಹತ್ತಿ, ಕಚೇರಿಯ ಮೊಹರಿನ ಸಿಕ್ಕಾ ಬಿದ್ದರೆ ಬಂದ ಹಾಗೆ. ಆಮೇಲೆ ಯಾವ ಸಾಹೇಬನೂ ಅದು ಬಂದಿಲ್ಲ ಎನ್ನುವಂತಿಲ್ಲ. ಅವಳು ಪತ್ರ ಅವರ ಮುಂದೆ ಇಟ್ಟು, ಆವಕಕ್ಕೆ ತಗೋರಿ, ನನಗೊಂದು ಜೆರಾಕ್ಸ್ ಮ್ಯಾಲ ಸಿಕ್ಕಾ ಹಾಕಿ ಕೊಡ್ರಿ ಎಂದಳು. ಅವರು ಕನ್ನಡಕ ಏರಿಸಿ ಓದಿದರು. ಒಂದೇ ಸಲ ಓದಿದರು. ಆದರೆ ‘ಟು ಇನ್ಫಾರ್ಮ್’ ಎಂಬಲ್ಲಿ ಕಣ್ಣು ಬಹಳ ಹೊತ್ತು ನಿಂತಿತು. ಒಳಗಿನ ಬಾಗಿಲು ಅರ್ಧ ತೆರೆದಿತ್ತು. ಫ್ಯಾನಿನ ಗಾಳಿಗೆ ರಜಿಸ್ಟರಿನ ಹಾಳೆ ಏಳುತ್ತ ಬೀಳುತ್ತ ಇತ್ತು. ಈ ಪತ್ರವನ್ನು ಟೈಪು ಮಾಡಿದ್ದು ಈ ಬೆರಳುಗಳೇ. ಒಂದು ಶಬ್ದ ತಿರುಗಿಸಿದರೆ ಪೂರ್ತಿ ತಿರುಗುವ ಹಾಗೆ ಬೇಕೆಂದೇ ಮಾಡಿದ್ದರೋ, ಹೇಳಿದ್ದನ್ನು ಹೊಡೆದುಕೊಟ್ಟಿದ್ದರೋ ಅವಳಿಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

“ನನ್ನ ನೌಕರಿನೂ ಎರಡ ವರ್ಷ ಉಳದದ, ಬಾಯಿ,” ಎಂದು ಅವರು ದನಿ ಇಳಿಸಿ ಹೇಳಿದರು.

“ಹೌದ್ರಿ.”

“ಹ್ಞಾಂ,” ಎಂದರು ಅವರು, ಬೇರೆ ಯಾರಿಗೋ ಉತ್ತರ ಕೊಟ್ಟ ಹಾಗೆ. ಪೆನ್ನು ತೆಗೆದು ರಜಿಸ್ಟರಿನಲ್ಲಿ ಬರೆಯತೊಡಗಿದರು. ತಾರೀಖು, ಯಾರಿಂದ, ವಿಷಯ. ವಿಷಯದ ಮನೆಯಲ್ಲಿ ಏನು ಬರೆಯುತ್ತಾರೆಂದು ಅವಳು ತಲೆಕೆಳಗಾಗಿ ಓದಿದಳು: ಹುಡುಗಿಯರು ನೀರು ಕುಡಿಯುವುದನ್ನು ನಿಲ್ಲಿಸಿರುವ ಬಗ್ಗೆ. ಕನ್ನಡದಲ್ಲಿ ಬರೆದಿದ್ದರು. ಜೆರಾಕ್ಸ್ ಮಾಡಿ, ಸಿಕ್ಕಾವನ್ನು ಶಾಯಿಯ ಪ್ಯಾಡಿಗೆ ಎರಡು ಸಲ ಒತ್ತಿ, ಕಾಗದದ ಮೇಲೆ ಜೋರಾಗಿ ಹೊಡೆದರು. ಒಳಗೆ ಕುರ್ಚಿ ಸರಿದ ಸದ್ದಾಯಿತು.

“ಪುಟ್ ಅಪ್ ಮಾಡ್ತೇನಿ,” ಎಂದರು.

ಸಪನಾ ಪ್ರತಿಯನ್ನು ಫೈಲಿನಲ್ಲಿಟ್ಟು ಬಾಗಿಲ ಕಡೆ ನಡೆದಳು. ಇದರ ಇನ್ನೊಂದು ಪ್ರತಿ ಇವತ್ತೇ ಶಿಕ್ಷಣ ಇಲಾಖೆಯ ಮೇಲಿನವರಿಗೆ ಅಂಚೆಗೆ ಹಾಕಬೇಕು, ಹನ್ನೆರಡರ ಬಸ್ಸು ಸಿಕ್ಕರೆ ಕೊನೆಯ ತಾಸಿಗೆ ಒಂಬತ್ತನೆಯ ತರಗತಿ ಸಿಗುತ್ತದೆ, ಅವ್ವನಿಗೆ ಫೋನು ಮಾಡಬೇಕು. ಕಾರ್ಯದರ್ಶಿ ತನ್ನ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದ. ಅವಳು ಮೂಲೆಯ ಗಡಿಗೆಯ ಹತ್ತಿರ ಬಂದಾಗ ನಿಂತಳು. ಮುಚ್ಚಳದ ಮೇಲಿನ ಗ್ಲಾಸನ್ನು ತೆಗೆದುಕೊಂಡು, ಮುಚ್ಚಳ ಸರಿಸಿ, ಗ್ಲಾಸನ್ನು ನೀರಿನಲ್ಲಿ ಅದ್ದಿ ತುಂಬಿಸಿದಳು. ಇಬ್ಬರೂ ನೋಡುತ್ತಿದ್ದರು. ನೋಡಲೆಂದು ಅವರ ಕಡೆಗೇ ತಿರುಗಿ, ಅಂಚಿಗೆ ತುಟಿ ಹಚ್ಚಿ, ಅವಸರ ಮಾಡದೆ, ಗುಟುಕುಗಳನ್ನು ಎಣಿಸದೆ ಕುಡಿದಳು.